ಶಿರಾಡಿ ರೂಟ್: ಕಾಮಗಾರಿ ಜಾಮಿನಲ್ಲಿ ಲೋಡ್ ಗಾಡಿ ನಿಂತರೆ ಕ್ಲಚ್, ಡಿಪಿಎಫ್, ಇ-ವೇ ಬಿಲ್ ಸಂಭಾಳಿಸೋದು ಹೇಗೆ?

ಹೇಮಾವತಿ ದಡ ಕೇಳಿದ್ದು:

ಪಣಂಬೂರಿಂದ ಹಾಸನಕ್ಕೂ ದಾಬಸ್‌ಪೇಟೆಗೂ ಗೊಬ್ಬರದ ಚೀಲ, ಕೆಲವು ಸಲ ಕಲ್ಲಿದ್ದಲು. ಹನ್ನೆರಡು ಚಕ್ರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಎರಡು, ಹತ್ತು ಚಕ್ರದ ಬಿಎಸ್4 (ಹಳೇ ನಿಯಮದ) ಒಂದು. ವಾಪಸ್ ಹೆಚ್ಚಾಗಿ ಖಾಲಿ, ಇಲ್ಲಾಂದ್ರೆ ಪಶು ಆಹಾರ. ಬಿ.ಸಿ.ರೋಡಿಂದ ಹಾಸನದವರೆಗಿನ ಚತುಷ್ಪಥ ಯಾವತ್ತು ಮುಗಿಯುತ್ತೆ ಅನ್ನೋ ಚರ್ಚೆ ಇಲ್ಲಿ ಬೇಡ, ಅದನ್ನ ಎಲ್ಲರೂ ಮಾಡಿ ಸುಸ್ತಾಗಿದ್ದಾರೆ. ಮುಗಿಯೋವರೆಗೆ ಗಾಡಿ ಓಡಿಸೋದು ಹೇಗೆ ಅಂತ ಗೊತ್ತಿದ್ದವರು ಹೇಳಿ.

ಒಂದು, ಯಾವ ಹೊತ್ತಿಗೆ ಘಾಟಿ ಹತ್ತಿದ್ರೆ ಕಡಿಮೆ ನಿಲ್ಲಬೇಕಾಗುತ್ತೆ, ಬಂದ್ ಆದ್ರೆ ಲೋಡ್ ಗಾಡಿಗೆ ನಿಜವಾಗ್ಲೂ ಬೇರೆ ದಾರಿ ಇದೆಯಾ? ಎರಡು, ಕ್ಲಚ್ ಪ್ಲೇಟ್ ಬೇಗ ಹೋಗ್ತಿದೆ, ಇಳಿಜಾರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತೆ. ಮೂರು, ಬಿಎಸ್6 ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಜಾಮಿನ ಮಧ್ಯೆನೇ ಹತ್ತಿಕೊಳ್ಳುತ್ತೆ. ನಾಲ್ಕು, ಹಾಸನದ ಲೋಡಿಗೆ ಇ-ವೇ ಬಿಲ್ (ಸರಕು ಸಾಗಿಸೋಕೆ ಜಿಎಸ್‌ಟಿಯಲ್ಲಿ ಮಾಡೋ ಬಿಲ್) ಅವಧಿ ದಾರಿಯಲ್ಲೇ ಮುಗಿದ್ರೆ ಡ್ರೈವರ್ ಏನು ಮಾಡ್ಬೇಕು? ಐದು, ರಸ್ತೆಯಲ್ಲಿ ನಿಂತ ದಿನಕ್ಕೆ ಪಾರ್ಟಿ (ಲೋಡ್ ಕೊಟ್ಟವರು) ಹತ್ರ ಹಾಲ್ಟಿಂಗ್, ಅಂದ್ರೆ ನಿಂತದ್ದಕ್ಕೆ ದುಡ್ಡು ಕೇಳೋಕಾಗುತ್ತಾ?

---

ಗುಂಡ್ಯ ಗೇಟ್:

ಶಿರಾಡಿ ಜಾಮ್ ಅಂತ ಒಂದೇ ಹೆಸರಲ್ಲಿ ಕರೆದರೂ ಅಲ್ಲಿರೋದು ಮೂರು ಬಗೆಯ ಜಾಮ್. ಯಾವುದರಲ್ಲಿ ಸಿಕ್ಕಿದ್ದೀರಿ ಅನ್ನೋದರ ಮೇಲೆ ಮಾಡಬೇಕಾದ ಕೆಲಸ ಬದಲಾಗುತ್ತೆ.

ಕೆಳಗಿನದು ಬಿ.ಸಿ.ರೋಡಿಂದ ಅಡ್ಡಹೊಳೆವರೆಗೆ. 2017ರಲ್ಲಿ ಶುರುವಾಗಿ, ನಡುವೆ ನಿಂತು, ಆಮೇಲೆ ಪೆರಿಯಶಾಂತಿ ಗಡಿಯಾಗಿ ಎರಡು ಪ್ಯಾಕೇಜ್ ಮಾಡಿ ಮತ್ತೆ ಕೊಟ್ಟ ಕೆಲಸ ಇದು. ಇಲ್ಲಿ ಜಾಮ್ ಆಗೋದು ಡೈವರ್ಷನ್, ಸರ್ವಿಸ್ ರಸ್ತೆ, ಅಂಡರ್‌ಪಾಸ್ ಇರೋ ಪೇಟೆಗಳಲ್ಲಿ: ಉಪ್ಪಿನಂಗಡಿ, ನೆಲ್ಯಾಡಿ. ಕಲ್ಲಡ್ಕದ ಮೇಲ್ಸೇತುವೆ 2025ರಲ್ಲಿ ತೆರೆದ ಮೇಲೆ ಆ ಒಂದು ಗಂಟಲು ಬಿಚ್ಚಿತು. ಈ ಭಾಗದಲ್ಲಿ ಸಾಲು ಆಮೆ ಥರ ಆದರೂ ಸರೀತಾ ಇರುತ್ತೆ, ಪೂರ್ತಿ ನಿಲ್ಲೋದು ಅಪರೂಪ.

ಎರಡನೇದು ಘಾಟಿಯ ಒಳಗಿನದು, ಅಡ್ಡಹೊಳೆಯಿಂದ ಮಾರನಹಳ್ಳಿವರೆಗೆ. ಇದಕ್ಕೆ 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗ ಅಂತ ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಕಾಂಕ್ರೀಟ್ ಹಾಕಿದ್ದಾರೆ. ರಸ್ತೆ ಚೆನ್ನಾಗಿದೆ, ಆದರೆ ಎರಡೇ ಪಥ. ತಿರುವಿನಲ್ಲಿ ಒಂದು ಗಾಡಿಯ ಆಕ್ಸಲ್ ಮುರಿದರೆ ಅಥವಾ ಕಂಟೇನರ್ ಚರಂಡಿಗೆ ಇಳಿದರೆ ಮುಗೀತು. ಕ್ರೇನ್ ಬರೋದು ಕೆಳಗಿಂದ ಅಥವಾ ಸಕಲೇಶಪುರದಿಂದ, ಅದೂ ಇದೇ ಸಾಲನ್ನ ಸೀಳಿಕೊಂಡು ಬರಬೇಕು. ಮೂರರಿಂದ ಆರು ಗಂಟೆ ಅಂತ ಇಟ್ಟುಕೊಳ್ಳಿ.

ಮೂರನೇದು ಮಾರನಹಳ್ಳಿ–ಸಕಲೇಶಪುರ ಮಧ್ಯೆ, ದೊಡ್ಡತಪ್ಲೆ ಆಸುಪಾಸು. ಅಗಲ ಮಾಡೋಕೆ ಗುಡ್ಡವನ್ನ ಗೋಡೆ ಥರ ನೆಟ್ಟಗೆ ಕಡಿದ ಜಾಗ. ಮಳೆ ನೀರು ಇಂಗಿ ಮಣ್ಣಿನ ತೂಕ ಹೆಚ್ಚಾದರೆ ಕೆಳಗೆ ಹಿಡಿದುಕೊಳ್ಳೋದಕ್ಕೆ ಇಳುಕಲೇ ಇಲ್ಲ. 2024ರ ಜುಲೈನಲ್ಲಿ ಇಲ್ಲಿ ಮತ್ತೆ ಮತ್ತೆ ಕುಸಿದು ರಸ್ತೆ ಬಂದ್ ಆಯ್ತು. ಅದೇ ತಿಂಗಳ ಕೊನೆಗೆ ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೂ ಹೋಯ್ತು. ಇಲ್ಲಿ ಲೆಕ್ಕ ಗಂಟೆಯಲ್ಲಲ್ಲ, ದಿನದಲ್ಲಿ. ಬಂದ್ ಸುದ್ದಿ ಬಂದರೆ ಘಾಟಿಗೆ ನುಗ್ಗಬೇಡಿ. ಮೇಲಿಂದ ಬರೋರು ಹಾಸನದಲ್ಲೇ ನಿಲ್ಲಿಸಿ, ಕೆಳಗಿಂದ ಹೋಗೋರು ಬಿ.ಸಿ.ರೋಡ್ ದಾಟಬೇಡಿ. ಗುಂಡ್ಯಕ್ಕೆ ಹೋಗಿ ನಿಂತರೆ ತಿರುಗಿಸೋಕೂ ಜಾಗ ಸಿಗಲ್ಲ.

ಹೊತ್ತಿನ ವಿಷಯ. ಬೆಂಗಳೂರಿಂದ ರಾತ್ರಿ ಹತ್ತು ಹನ್ನೊಂದಕ್ಕೆ ಬಿಟ್ಟ ಸ್ಲೀಪರ್ ಬಸ್ಸುಗಳೆಲ್ಲ ಒಟ್ಟಿಗೆ ಎರಡೂವರೆ ಮೂರಕ್ಕೆ ಸಕಲೇಶಪುರ ದಾಟುತ್ತವೆ. ಲೋಡ್ ಹೊತ್ತು ಕೆಳಗಿಂದ ಹತ್ತೋ ಗಾಡಿ ಆ ಹೊತ್ತಿಗೆ ಘಾಟಿ ಮಧ್ಯೆ ಇದ್ದರೆ ಪ್ರತಿ ತಿರುವಿನಲ್ಲೂ ಬಸ್ಸಿಗೆ ಎದುರು. ರಾತ್ರಿ ಎಂಟು ಒಂಬತ್ತರೊಳಗೆ ಗುಂಡ್ಯ ಬಿಟ್ಟು ಹನ್ನೆರಡಕ್ಕೆ ಸಕಲೇಶಪುರ ದಾಟಿಸೋದು ಒಂದು ದಾರಿ. ಆಗಲಿಲ್ಲಾಂದ್ರೆ ನೆಲ್ಯಾಡಿಯಲ್ಲಿ ಮಲಗಿ ಬೆಳಗ್ಗೆ ಆರಕ್ಕೆ ಹತ್ತಿ. ಶುಕ್ರವಾರ ರಾತ್ರಿ, ಭಾನುವಾರ ರಾತ್ರಿ ಎರಡನ್ನೂ ಕೈಬಿಡಿ.

ಬದಲಿ ದಾರಿ ಅಂತ ಮ್ಯಾಪ್ ತೋರಿಸೋದರಲ್ಲಿ ಅರ್ಧ ನಿಮಗಲ್ಲ. ಚಾರ್ಮಾಡಿ 2019ರ ಆಗಸ್ಟ್ ಮಳೆಯಲ್ಲಿ ಕುಸಿದ ಮೇಲೆ ಭಾರಿ ವಾಹನಕ್ಕೆ ನಿರ್ಬಂಧ. ಆಗುಂಬೆ ಮಾತೇ ಬೇಡ. ಬಿಸ್ಲೆಯಲ್ಲಿ ಹನ್ನೆರಡು ಚಕ್ರ ತಿರುಗಿಸೋಕಾಗಲ್ಲ. ಮಡಿಕೇರಿ–ಸಂಪಾಜೆ–ಮಾಣಿ ಬೆಂಗಳೂರು ಕಡೆಯ ಲೋಡಿಗೆ ದೂರದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಒಣ ದಿನಗಳಲ್ಲಿ ಹೋಗಬಹುದು. ಆದರೆ ಮಳೆಗಾಲದಲ್ಲಿ ಕೊಡಗು ಜಿಲ್ಲಾಡಳಿತ ಮಲ್ಟಿ ಆಕ್ಸಲ್, ಮರದ ಲಾರಿ, ಮರಳು ಲಾರಿಗಳನ್ನ ತಡೆಯುತ್ತೆ. ಹುಲಿಕಲ್, ಅಂದರೆ ಬಾಳೆಬರೆ ಘಾಟಿ ಕುಂದಾಪುರ–ಶಿವಮೊಗ್ಗ ಲೋಡಿಗೆ ಸರಿ, ಬೆಂಗಳೂರಿಗೆ ಬಳಸು ದಾರಿ. ದೊಡ್ಡ ಗಾಡಿಗೆ ಕೊನೆಗೆ ಉಳಿಯೋದು ಅಂಕೋಲಾ–ಅರಬೈಲು–ಹುಬ್ಬಳ್ಳಿ, ಅದು ಶಿರಾಡಿಯ ಎರಡು ಪಟ್ಟಿಗಿಂತ ಜಾಸ್ತಿ ದೂರ. ಡೀಸೆಲ್, ಟೋಲ್, ಬತ್ತಾ ಹಾಕಿ ನೋಡಿದರೆ ಎರಡು ದಿನ ನಿಲ್ಲೋದೇ ಅಗ್ಗ ಅಂತ ಹೆಚ್ಚಿನ ಸಲ ಬರುತ್ತೆ. ಶಿರಾಡಿ ಕುಸಿಯೋ ಮಳೆಗೆ ಉತ್ತರ ಕನ್ನಡವೂ ಕುಸಿಯುತ್ತೆ ಅನ್ನೋದೂ ನೆನಪಿರಲಿ: 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಗುಡ್ಡ ಬಿದ್ದಾಗ ಹೆದ್ದಾರಿ 66 ಕೂಡ ಮುಚ್ಚಿತ್ತು.

ಬಂದ್ ಆದೇಶವನ್ನ ವಾಟ್ಸಾಪ್ ಫಾರ್ವರ್ಡ್ ನೋಡಿ ನಂಬಬೇಡಿ, ಮೂಲ ಪ್ರತಿ ಓದಿ. ಜಿಲ್ಲಾಧಿಕಾರಿ ಆದೇಶದಲ್ಲಿ ಮೋಟಾರು ವಾಹನ ಕಾಯ್ದೆ ಕಲಂ 115, ಕರ್ನಾಟಕ ನಿಯಮಗಳ 221(ಎ) ಅಂತ ಉಲ್ಲೇಖ ಇರುತ್ತೆ. ಕೆಳಗೆ ಯಾವ ವಾಹನಕ್ಕೆ, ಯಾವ ಗಂಟೆಯಿಂದ ಯಾವ ಗಂಟೆವರೆಗೆ ಅಂತ ಇರುತ್ತೆ. ಬುಲೆಟ್ ಟ್ಯಾಂಕರ್ (ಗ್ಯಾಸ್ ಟ್ಯಾಂಕರ್), ಲಾಂಗ್ ಚಾಸಿಸ್, ಮಲ್ಟಿ ಆಕ್ಸಲ್ ಎಲ್ಲಾ ಬೇರೆ ಬೇರೆ ಸಾಲಿನಲ್ಲಿ ಬರೆದಿರ್ತಾರೆ. ಘಾಟಿ ಎರಡು ಜಿಲ್ಲೆಗೆ ಸೇರಿದ್ದು, ಆದ್ದರಿಂದ ಹಾಸನದ್ದೂ ದಕ್ಷಿಣ ಕನ್ನಡದ್ದೂ ಎರಡೂ ನೋಡಬೇಕು.

---

ಗ್ರೀಸ್ ಕೈ:

ರೂಟ್ ಬಗ್ಗೆ ಗುಂಡ್ಯದವರು ಹೇಳಿದ್ದು ಸರಿ ಉಂಟು. ನಾನು ಗಾಡಿದು ಮಾತ್ರ ಹೇಳ್ತೇನೆ.

ಕ್ಲಚ್ ಹೋಗುವುದು ಲೋಡಿನಿಂದ ಅಲ್ಲ ಮಾರಾಯ್ರೆ, ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗುವುದರಿಂದ. ಎರಡು ಮೀಟರ್ ಸರಿದ ಕೂಡಲೇ ಹಾಫ್ ಕ್ಲಚ್ಚಿನಲ್ಲಿ ಎರಡು ಮೀಟರ್ ಸರಿಯುವುದು, ಮತ್ತೆ ನಿಲ್ಲುವುದು. ಪ್ರತಿ ಸಲ ಪ್ಲೇಟ್ ಜಾರಿಕೊಂಡೇ ಹಿಡಿಯುತ್ತದೆ, ಆ ಶಾಖ ತಣಿಯಲಿಕ್ಕೆ ಪುರುಸೊತ್ತೇ ಇಲ್ಲ. ಏರಿನಲ್ಲಿ ಮುಂದೆ ಮೂವತ್ತು ನಲವತ್ತು ಮೀಟರ್ ಖಾಲಿ ಆಗುವವರೆಗೆ ಕಾಯಿರಿ. ಆಮೇಲೆ ಒಂದನೇ ಗೇರ್, ಒಂಬತ್ತು ಗೇರಿನ ಬಾಕ್ಸ್ ಆದರೆ ಕ್ರಾಲರ್ (ಒಂದಕ್ಕಿಂತಲೂ ನಿಧಾನದ ಗೇರ್) ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಒಂದೇ ಉಸಿರಿಗೆ ಹೋಗಿ ನಿಲ್ಲಿಸಿ. ಹಿಂದಿನವ ಹಾರ್ನ್ ಹೊಡೆಯಲಿ, ಪ್ಲೇಟಿನ ದುಡ್ಡು ಅವ ಕೊಡುವುದಿಲ್ಲ. ಏರಿನಲ್ಲಿ ಗಾಡಿ ಹಿಡಿದು ನಿಲ್ಲಿಸಬೇಕಾದ್ದು ಹ್ಯಾಂಡ್ ಬ್ರೇಕ್, ಕ್ಲಚ್ ಅಲ್ಲ. ನಿಂತಾಗ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೂತರೆ ಪ್ಲೇಟಿಗಿಂತ ಮೊದಲು ರಿಲೀಸ್ ಬೇರಿಂಗ್ ಕೂಗಲಿಕ್ಕೆ ಶುರು ಮಾಡುತ್ತದೆ. ವಾಸನೆ ಬಂತಾ, ಬದಿಗೆ ಹಾಕಿ ನ್ಯೂಟ್ರಲ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ಐಡ್ಲಿಂಗ್ ಬಿಡಿ, ಗಾಳಿ ಆಡಿ ಬೆಲ್ ಹೌಸಿಂಗ್ (ಕ್ಲಚ್ಚಿನ ಹೊರಕವಚ) ತಣಿಯುತ್ತದೆ. ಪೆಡಲ್ ಫ್ರೀ ಪ್ಲೇ ಇಲ್ಲದ ಗಾಡಿ ಸುಮ್ಮನೆ ಓಡುವಾಗಲೂ ಜಾರುತ್ತದೆ, ಅದನ್ನು ಘಾಟಿಗೆ ಮೊದಲೇ ನೋಡಿಸಿಕೊಳ್ಳಿ.

ಇನ್ನು ಇಳಿಜಾರು. ಸಾಮಾನ್ಯ ದಿನ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯುವುದು, ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನಿನಿಂದಲೇ ಗಾಡಿ ನಿಧಾನಿಸುವುದು) ಹಾಕುವುದು, ಇದು ಎಲ್ಲರಿಗೂ ಗೊತ್ತಿದೆ. ಜಾಮಿನಲ್ಲಿ ಅದು ನಡೆಯುವುದಿಲ್ಲ. ಎಕ್ಸಾಸ್ಟ್ ಬ್ರೇಕಿಗೆ ಎಂಜಿನ್ ಆರ್‌ಪಿಎಂ ಬೇಕು, ಇರುವೆ ಸಾಲಿನ ವೇಗದಲ್ಲಿ ಅದು ಹೆಸರಿಗೆ ಮಾತ್ರ. ಎಲ್ಲಾ ಭಾರ ಕಾಲಿನ ಬ್ರೇಕಿಗೆ. ಪ್ರತಿ ಸಲ ಒತ್ತಿದಾಗ ಟ್ಯಾಂಕಿನ ಗಾಳಿ ಹೋಗುತ್ತದೆ, ಐಡ್ಲಿಂಗಿನಲ್ಲಿ ಕಂಪ್ರೆಸರ್ ತುಂಬುವುದು ನಿಧಾನ. ಗೇಜ್ 5 ಬಾರ್ ಹತ್ತಿರ ಬಂದಾಗ ಬಜರ್ ಕೂಗುತ್ತದೆ. ಅದಕ್ಕೂ ಕೆಳಗೆ ಹೋದರೆ ಹಿಂದಿನ ಸ್ಪ್ರಿಂಗ್ ಬ್ರೇಕ್ ತಾನಾಗಿ ಅರ್ಧ ಹಿಡಿಯಲಿಕ್ಕೆ ಶುರು. ಡ್ರೈವರಿಗೆ ಗೊತ್ತಾಗದೆ ಲೈನರ್ ಉಜ್ಜುತ್ತಾ ಹೋಗುತ್ತದೆ. ನಿಮಗೆ ಬರುವ ಆ ವಾಸನೆ ಹೆಚ್ಚಿನ ಸಲ ಇದೇ. ಇಲ್ಲಿಯೂ ಮದ್ದು ಒಂದೇ, ಅಂತರ ಬಿಟ್ಟು ಒಂದು ಸಲಕ್ಕೆ ಸರಿದು ನಿಲ್ಲಿಸುವುದು. ಬಜರ್ ಬಂದರೆ ನಿಲ್ಲಿಸಿ, ಸ್ವಲ್ಪ ರೇಸ್ ಕೊಟ್ಟು ಗೇಜ್ ಪೂರ್ತಿ ಬಂದ ಮೇಲೆ ಹೊರಡಿ. ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಸರಿಮಾಡುವ ಭಾಗ) ಎಡಕ್ಕೂ ಬಲಕ್ಕೂ ಸಮ ಇಲ್ಲದಿದ್ದರೆ ಒಂದೇ ಡ್ರಮ್ ಕಾಯುತ್ತದೆ. ನಿಂತಾಗ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ, ಯಾವುದು ಬೇರೆಯದಕ್ಕಿಂತ ಬಿಸಿ ಅಂತ ತಿಳಿಯುತ್ತದೆ.

ಕಾದ ಡ್ರಮ್ಮಿಗೆ ನೀರು ಹಾಕುವ ಚಾಳಿ ಇನ್ನೂ ಹೋಗಿಲ್ಲ. ಡ್ರಮ್ ಬಿರುಕು ಬಿಡುತ್ತದೆ, ಬಿರುಕು ಬಿಟ್ಟದ್ದು ಮುಂದಿನ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಕಾದಿರುವಾಗ ಗಂಟೆಗಟ್ಟಲೆ ಹ್ಯಾಂಡ್ ಬ್ರೇಕ್ ಮೇಲೆ ಮಾತ್ರ ನಿಲ್ಲಿಸುವುದೂ ಬೇಡ, ತಣಿದು ಕುಗ್ಗುವಾಗ ಡ್ರಮ್ ಲೈನರನ್ನು ಕಚ್ಚುತ್ತದೆ. ಚಕ್ರಕ್ಕೆ ಮರದ ಗಟ್ಟೆ ಕೊಡಿ. ರಸ್ತೆ ಬದಿಯ ಜಲ್ಲಿಕಲ್ಲು ಗಟ್ಟೆ ಅಲ್ಲ, ಹೊರಡುವಾಗ ಅದನ್ನು ತೆಗೆಯದೆ ಬಿಟ್ಟು ಹೋಗುತ್ತಾರೆ, ಹಿಂದಿನ ಬೈಕಿನವ ಬೀಳುತ್ತಾನೆ.

ಈಗ ಡಿಪಿಎಫ್. ಅದರಲ್ಲಿ ಕೂತ ಮಸಿ ತಾನಾಗಿ ಸುಡಬೇಕಾದರೆ ಹೊಗೆ ಚೆನ್ನಾಗಿ ಬಿಸಿ ಇರಬೇಕು. ಲೋಡ್ ಹೊತ್ತು ಘಾಟಿ ಹತ್ತುವಾಗ ಆ ಬಿಸಿ ಧಾರಾಳ ಸಿಗುತ್ತದೆ. ಮಸಿ ತುಂಬುವುದು ಉಪ್ಪಿನಂಗಡಿ–ನೆಲ್ಯಾಡಿ ನಡುವೆ ತೆವಳುವಾಗ, ಮತ್ತು ಖಾಲಿ ಗಾಡಿ ಇಳಿಯುವಾಗ. ಲೈಟ್ ಮೊದಲು ಹಳದಿಯಾಗಿ ಸುಮ್ಮನೆ ಉರಿಯುತ್ತದೆ, ಆಗ ಗಾಬರಿ ಬೇಡ, ಓಡುವ ರಸ್ತೆ ಸಿಕ್ಕರೆ ಹೋಗುತ್ತದೆ. ಹಾಸನ ದಾಟಿದ ಮೇಲೆ ಚನ್ನರಾಯಪಟ್ಟಣದ ಕಡೆಗೆ ಅರ್ಧ ಗಂಟೆ 50–60 ವೇಗದಲ್ಲಿ ನಿಲ್ಲಿಸದೆ ಓಡಿಸಿದರೆ ಸಾಕು. ಮಿನುಗಲಿಕ್ಕೆ ಶುರುವಾದರೆ ನಿಲ್ಲಿಸಿ ರೀಜನರೇಷನ್, ಅಂದರೆ ಆ ಮಸಿ ಸುಡುವ ಕೆಲಸ, ಮಾಡಲೇಬೇಕು. ಆಗಲೂ ಬಿಟ್ಟರೆ ಎಂಜಿನ್ ಶಕ್ತಿ ಕಡಿತ, ಘಾಟಿ ಹತ್ತುವುದಿಲ್ಲ, ನೀವೇ ಉಳಿದವರಿಗೆ ಜಾಮ್.

ನಿಲ್ಲಿಸಿ ಮಾಡುವಾಗ ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಳಗೆ ಶಾಖ 550–600 ಡಿಗ್ರಿವರೆಗೆ ಏರುತ್ತದೆ, ಸೈಲೆನ್ಸರಿನಿಂದ ಬರುವ ಗಾಳಿಗೆ ಒಣ ಹುಲ್ಲು, ತರಗೆಲೆ, ಪಕ್ಕದ ಗಾಡಿಯ ಟಾರ್ಪಾಲ್ ಹೊತ್ತಿಕೊಳ್ಳಬಹುದು. ಹಾಗಾಗಿ ಸಾಲಿನಲ್ಲಿ ಬೇಡವೇ ಬೇಡ. ಪಕ್ಕದಲ್ಲಿ ಗ್ಯಾಸ್ ಟ್ಯಾಂಕರ್ ಇದ್ದರೆ ಬಟನ್ ಹತ್ತಿರ ಕೈ ಹೋಗಬಾರದು. ತಾನಾಗಿ ಶುರುವಾಗದಂತೆ ತಡೆಯುವ ಸ್ವಿಚ್ ನಿಮ್ಮ ಗಾಡಿಯಲ್ಲಿ ಉಂಟಾ ನೋಡಿ, ಇದ್ದರೆ ಅಂತಹ ಕಡೆ ಅದನ್ನು ಹಾಕಿ, ಹೊರಗೆ ಬಂದ ಮೇಲೆ ಮರೆಯದೆ ತೆಗೆಯಿರಿ. ಶುರುವಾದ ರೀಜನರೇಷನನ್ನು ಅರ್ಧಕ್ಕೆ ನಿಲ್ಲಿಸುತ್ತಾ ಹೋದರೆ ಸಿಲಿಂಡರ್ ಒಳಗೇ ಹೆಚ್ಚುವರಿ ಡೀಸೆಲ್ ಹೊಡೆಯುವ ಎಂಜಿನುಗಳಲ್ಲಿ ಆ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿದ್ದರೆ ಖುಷಿ ಪಡಬೇಡಿ, ಆಯಿಲ್ ಬದಲಿಸಿ.

ಡಿಇಎಫ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣ) ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡಬೇಡಿ, 32.5 ಶೇಕಡಾದ ಸೀಲ್ ಇರುವ ಕ್ಯಾನ್ ಮಾತ್ರ. ಲೋಡಿನಲ್ಲಿ ಯೂರಿಯಾ ಉಂಟು ಅಂತ ಅದನ್ನೇ ಕರಗಿಸಿ ಹಾಕುವ ಬುದ್ಧಿವಂತರೂ ಇದ್ದಾರೆ, ಇಂಜೆಕ್ಟರ್ ಬಾಯಿಯಲ್ಲಿ ಬಿಳಿ ಗಟ್ಟಿ ಕಟ್ಟಿಕೊಂಡು ಬರುತ್ತಾರೆ.

ಕಾಮಗಾರಿಯ ಧೂಳಿಗೆ ಏರ್ ಫಿಲ್ಟರ್ ಇಂಡಿಕೇಟರ್ ಕೆಂಪಾಗಿದೆಯಾ ನೋಡುತ್ತಿರಿ. ಎಲಿಮೆಂಟನ್ನು ಟೈರಿಗೆ ಬಡಿದು ಕೊಡವಬೇಡಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದಲ್ಲಿ ಗಾಳಿ. ರೇಡಿಯೇಟರಿಗೂ ಹಾಗೆ, ಎಂಜಿನ್ ತಣಿದ ಮೇಲೆ ಫ್ಯಾನ್ ಕಡೆಯಿಂದ ಮುಂದಕ್ಕೆ. ಜಲ್ಲಿ ದಾಟಿದ ಮೇಲೆ ಹಿಂದಿನ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದೆಯಾ ಟಾರ್ಚ್ ಹಾಕಿ ನೋಡುವುದು ಎರಡು ನಿಮಿಷದ ಕೆಲಸ, ಬಿಟ್ಟರೆ ಎರಡೂ ಟೈರಿನ ಪಕ್ಕ ಕೊಯ್ಯುತ್ತದೆ.

ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಗ್ಯಾರಂಟಿ ಆದರೆ ಎಂಜಿನ್ ಬಂದ್ ಮಾಡಿ. ಏರು ಹತ್ತಿ ಬಂದ ಗಾಡಿ ಆದರೆ ಮೊದಲು ಒಂದೆರಡು ನಿಮಿಷ ಐಡ್ಲಿಂಗ್ ಬಿಟ್ಟು ಟರ್ಬೊ ತಣಿಯಲಿ. ದೊಡ್ಡ ಗಾಡಿ ಸುಮ್ಮನೆ ನಿಂತು ಗಂಟೆಗೆ ಎರಡು ಲೀಟರ್ ಆಸುಪಾಸು ಕುಡಿಯುತ್ತದೆ.

---

ಹೇಮಾವತಿ ದಡ:

ಗ್ರೀಸ್ ಕೈ ಅಣ್ಣ, ಥ್ಯಾಂಕ್ಸ್. ಒಂದು ಡೌಟು. ಬಟನ್ ಒತ್ತಿದ್ರೂ ಕೆಲವು ಸಲ ರೀಜನರೇಷನ್ ಶುರುನೇ ಆಗಲ್ಲ. ಸೆನ್ಸರ್ ಹೋಗಿರುತ್ತಾ?

ಗ್ರೀಸ್ ಕೈ:

ಸೆನ್ಸರಿಗೆ ದುಡ್ಡು ಹಾಕುವ ಮೊದಲು ಇದನ್ನು ನೋಡಿ. ಗೇರ್ ನ್ಯೂಟ್ರಲ್‌ನಲ್ಲಿ ಉಂಟಾ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದೆಯಾ, ಡ್ಯಾಶ್‌ಬೋರ್ಡಿನಲ್ಲಿ ಅದರ ಲೈಟ್ ಬಂದಿದೆಯಾ. ಸ್ವಿಚ್ ಕೆಟ್ಟು ಲೈಟ್ ಬಾರದಿದ್ದರೆ ಗಾಡಿ ನಿಂತಿದೆ ಅಂತ ಇಸಿಯು (ಎಂಜಿನಿನ ಕಂಪ್ಯೂಟರ್) ನಂಬುವುದಿಲ್ಲ. ಎಂಜಿನ್ ಬಿಸಿ ಬಂದಿರಬೇಕು, ತಣ್ಣಗಿನ ಎಂಜಿನಿನಲ್ಲಿ ಆಗುವುದಿಲ್ಲ. ಡೀಸೆಲ್ ರಿಸರ್ವಿಗೆ ಬಂದಿದ್ದರೂ ಆಗುವುದಿಲ್ಲ. ತಡೆಯುವ ಸ್ವಿಚ್ ಹಾಕಿ ಮರೆತದ್ದೇ ಹೆಚ್ಚಿನ ಸಲ ಕಾರಣ. ಇದೆಲ್ಲ ಸರಿ ಇದ್ದು, ಜೊತೆಗೆ ಡಿಇಎಫ್ ಅಥವಾ ಎಂಜಿನ್ ಲೈಟೂ ಉರಿಯುತ್ತಿದ್ದರೆ ಮೊದಲು ಆ ಫಾಲ್ಟ್ ತೆಗೆಸಬೇಕು, ಆಮೇಲೆ ಡಿಪಿಎಫ್.

---

ಬಿಲ್ಟಿ ಪುಸ್ತಕ:

ನಾಲ್ಕು ಮತ್ತು ಐದನೇ ಪ್ರಶ್ನೆಗೆ.

ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನ. ಅಳತೆ ಮೀರಿದ ಸರಕಿಗೆ (ODC) ಮಾತ್ರ 20 ಕಿ.ಮೀ.ಗೆ ಒಂದು ದಿನ. ಒಂದು ದಿನ ಎಂದರೆ 24 ಗಂಟೆಯಲ್ಲ, ಮರುದಿನದ ಮಧ್ಯರಾತ್ರಿಯವರೆಗೆ. ಸೋಮವಾರ ಪಾರ್ಟ್-ಬಿ (ಬಿಲ್ಲಿನಲ್ಲಿ ಗಾಡಿ ನಂಬರ್ ಹಾಕುವ ಭಾಗ) ತುಂಬಿದರೆ ದಾಬಸ್‌ಪೇಟೆಯ ಲೋಡಿಗೆ ಎರಡು ದಿನ, ಅಂದರೆ ಬುಧವಾರ ಮಧ್ಯರಾತ್ರಿಯವರೆಗೆ ಸಮಯ ಸಿಗುತ್ತದೆ. ಪಣಂಬೂರು–ಹಾಸನ 200ರ ಒಳಗೇ ಬರುತ್ತದೆ, ಆದ್ದರಿಂದ ಮಂಗಳವಾರ ಮಧ್ಯರಾತ್ರಿಗೆ ಮುಗಿಯಿತು. ಹತ್ತಿರದ ಲೋಡೇ ಹೆಚ್ಚು ಅಪಾಯ ಎನ್ನುವುದು ಇದಕ್ಕೇ. ಎರಡೂ ಲೋಡು ಅದೇ ಘಾಟಿಯಲ್ಲಿ ಅಷ್ಟೇ ಹೊತ್ತು ನಿಲ್ಲುತ್ತವೆ, ಹಾಸನದ್ದಕ್ಕೆ ಮಾತ್ರ ಒಂದು ದಿನ ಕಡಿಮೆ.

ಅವಧಿ ಎಣಿಕೆ ಶುರುವಾಗುವುದು ಪಾರ್ಟ್-ಬಿಯಲ್ಲಿ ಗಾಡಿ ನಂಬರ್ ಹಾಕಿದ ಕ್ಷಣದಿಂದ. ಗೋದಾಮಿನವರು ಬೆಳಿಗ್ಗೆಯೇ ನಂಬರ್ ಹಾಕಿಟ್ಟು, ಲೋಡಿಂಗ್ ಮರುದಿನಕ್ಕೆ ಹೋದರೆ ಆ ದಿನ ನಿಮ್ಮದೇ ನಷ್ಟ. ಲೋಡ್ ಆಗಿ, ತೂಕ ಆಗಿ, ಟಾರ್ಪಾಲ್ ಕಟ್ಟಿದ ಮೇಲೆ ಪಾರ್ಟ್-ಬಿ ತುಂಬಲು ಹೇಳಿ. ರಾತ್ರಿ ಹನ್ನೊಂದೂವರೆಗೆ ಲೋಡ್ ಮುಗಿದರೆ ಹನ್ನೆರಡು ದಾಟಿಸಿ ತುಂಬಿದರೆ ಪೂರ್ತಿ ಒಂದು ದಿನ ಹೆಚ್ಚು ಸಿಗುತ್ತದೆ. ಅಲ್ಲಿಯವರೆಗೆ ಗಾಡಿ ಗೇಟು ದಾಟಬಾರದು, ಅಷ್ಟೇ.

ವಿಸ್ತರಿಸಲು ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆ ನಂತರದವರೆಗೆ ಅವಕಾಶ. ಮೇಲಿನ ಹಾಸನದ ಉದಾಹರಣೆಗೆ ಅದು ಮಂಗಳವಾರ ಸಂಜೆ 4ರಿಂದ ಬುಧವಾರ ಬೆಳಿಗ್ಗೆ 8. ಡ್ರೈವರ್ ಇದನ್ನು ಮಾಡಲಾಗದು. ಬಿಲ್ಲಿನಲ್ಲಿ ಟ್ರಾನ್ಸ್‌ಪೋರ್ಟರ್ ಐಡಿ ಇದ್ದರೆ ಆ ಟ್ರಾನ್ಸ್‌ಪೋರ್ಟರ್, ಇಲ್ಲದಿದ್ದರೆ ಬಿಲ್ ಮಾಡಿದ ಪಾರ್ಟಿ ಮಾತ್ರ. ಪಾರ್ಟಿಯ ಆಫೀಸು ಸಂಜೆ ಆರಕ್ಕೆ ಮುಚ್ಚಿದರೆ ನಿಮ್ಮ ಕಥೆ ಮುಗಿಯಿತು. ಆದ್ದರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾಲೀಕರೂ ಪೋರ್ಟಲ್‌ನಲ್ಲಿ 15 ಅಂಕಿಯ ಟ್ರಾನ್ಸ್‌ಪೋರ್ಟರ್ ಐಡಿ ಮಾಡಿಸಿಕೊಂಡು, ಪ್ರತಿ ಬಿಲ್ಲಿನಲ್ಲೂ ಅದನ್ನೇ ಹಾಕಿಸಬೇಕು. ಆಗ ನೀವೇ ಮನೆಯಿಂದ ವಿಸ್ತರಿಸಬಹುದು. ಬಿಲ್ ನಂಬರ್, ಕಾರಣ, ಗಾಡಿ ಈಗ ಇರುವ ಊರು ಮತ್ತು ಪಿನ್‌ಕೋಡ್, ಉಳಿದ ದೂರ, ಗಾಡಿ ಚಲನೆಯಲ್ಲಿದೆ ಎಂಬ ಆಯ್ಕೆ, ಇಷ್ಟೇ ಕೇಳುತ್ತದೆ. ಗುಡ್ಡ ಕುಸಿದಿದ್ದರೆ ಪ್ರಕೃತಿ ವಿಕೋಪ ಎಂಬ ಕಾರಣ ಆರಿಸಿ. ಬರೀ ಕಾಮಗಾರಿ ಜಾಮ್ ಆದರೆ 'ಇತರೆ' ಆರಿಸಿ ಒಂದು ಸಾಲು ಬರೆಯಿರಿ. ಗಾಡಿ ಕೆಟ್ಟು ಬೇರೆ ಲಾರಿಗೆ ಮಾಲು ಬದಲಿಸಿದರೆ ವಿಸ್ತರಣೆಯಷ್ಟೇ ಸಾಲದು, ಹೊಸ ನಂಬರನ್ನು ಪಾರ್ಟ್-ಬಿಯಲ್ಲಿ ಹಾಕಲೇಬೇಕು.

ಅವಧಿ ಮುಗಿದ ಬಿಲ್ಲಿನಲ್ಲಿ ಸಿಕ್ಕರೆ ಜಿಎಸ್‌ಟಿ ಕಾಯ್ದೆಯ ಕಲಂ 129ರಲ್ಲಿ ಗಾಡಿ ತಡೆಯುತ್ತಾರೆ, ಮಾಲಿನ ಮಾಲೀಕ ಮುಂದೆ ಬಂದರೆ ತೆರಿಗೆಯ ಎರಡು ಪಟ್ಟು ದಂಡ. ಅಂಥ ಹೊತ್ತಿಗೆ ವಾದಕ್ಕಿಂತ ಕಾಗದ ಉಪಯೋಗ. ಜಿಲ್ಲಾಧಿಕಾರಿ ಆದೇಶದ ಪ್ರತಿ, ಜಿಪಿಎಸ್‌ನಲ್ಲಿ ಗಾಡಿ ನಿಂತ ಜಾಗದ ಪ್ರಿಂಟ್, ಬ್ರಹ್ಮರಕೂಟ್ಲು ಟೋಲಿನ ಫಾಸ್ಟ್ಯಾಗ್ ಎಸ್‌ಎಂಎಸ್. ಆ ಎಸ್‌ಎಂಎಸ್‌ನ ಸಮಯ ನೋಡಿದರೆ ಗಾಡಿ ಯಾವಾಗ ಹೊರಟಿತ್ತು ಎಂಬುದು ತಾನೇ ಹೇಳುತ್ತದೆ. ಅಂದಹಾಗೆ, 24 ಗಂಟೆಯೊಳಗೆ ವಾಪಸಾದರೆ ಹೋಗಿ ಬರುವುದಕ್ಕೆ ಒಂದೂವರೆ ಪಟ್ಟು ಮಾತ್ರ ಕಟ್ಟುವ ಟೋಲ್ ರಿಯಾಯಿತಿಯನ್ನು ಈ ರೂಟಿನ ಲೆಕ್ಕದಲ್ಲಿ ಹಿಡಿಯಲೇಬೇಡಿ.

ಹಾಲ್ಟಿಂಗ್ ವಿಷಯದಲ್ಲಿ ಎರಡನ್ನು ಬೆರೆಸುತ್ತಿದ್ದೀರಿ. ಅನ್‌ಲೋಡಿಂಗ್ ಗೇಟಿನಲ್ಲಿ ನಿಂತದ್ದಕ್ಕೆ ಪಾರ್ಟಿ ಕೊಡುವುದು ವಾಡಿಕೆ. ಅದಕ್ಕೆ ಗಾಡಿ ತಲುಪಿದ ಸಮಯವನ್ನು ಬಿಲ್ಟಿಯ (ಲಾರಿಯ ಮಾಲಿನ ರಸೀದಿ) ಮೇಲೆ ಗೇಟಿನವರ ಸೀಲು ಸಮೇತ ಬರೆಸಬೇಕು, ಇಲ್ಲದಿದ್ದರೆ ಸಿಗದು. ರಸ್ತೆಯಲ್ಲಿ ನಿಂತದ್ದು, ಮೊದಲೇ ಬರವಣಿಗೆಯಲ್ಲಿ ಇಲ್ಲದಿದ್ದರೆ, ಗಾಡಿ ಮಾಲೀಕನ ತಲೆಗೇ. ಅದನ್ನು ಆಮೇಲೆ ಕೇಳಿ ಜಗಳ ಮಾಡುವ ಬದಲು ಬಾಡಿಗೆ ಕುದುರಿಸುವಾಗಲೇ ಸೇರಿಸಿ. ತಿಂಗಳ ಕಂತು, ವಿಮೆ, ತೆರಿಗೆ, ಡ್ರೈವರ್ ಸಂಬಳ ಎಲ್ಲ ಕೂಡಿಸಿ ಗಾಡಿ ನಿಜವಾಗಿ ಓಡುವ ದಿನಗಳಿಂದ ಭಾಗಿಸಿ, ಬತ್ತಾ ಸೇರಿಸಿದರೆ ಒಂದು ದಿನ ಸುಮ್ಮನೆ ನಿಂತರೆ ಎಷ್ಟು ಎಂದು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಟ್ರಿಪ್ಪಿಗೆ ಅದರ ಅರ್ಧವನ್ನಾದರೂ ಬಾಡಿಗೆಯಲ್ಲಿ ಇಟ್ಟುಕೊಳ್ಳದೆ ಲೋಡ್ ಹಿಡಿಯುವುದು ನನ್ನ ಪ್ರಕಾರ ದಾನ.

ತಡವಾಯಿತು ಎಂದು ಪಾರ್ಟಿ ಬಾಡಿಗೆಯಲ್ಲಿ ಕಡಿದರೆ ಒಪ್ಪಂದ ತೆಗೆದು ನೋಡಿ. 2007ರ ರಸ್ತೆ ಸರಕು ಸಾಗಣೆ ಕಾಯ್ದೆ ತಡದ ಹೊಣೆಯನ್ನು ಎರಡೂ ಕಡೆಯವರು ಒಪ್ಪಿ ಫಾರ್ವರ್ಡಿಂಗ್ ನೋಟಿನಲ್ಲಿ (ಮಾಲು ಒಪ್ಪಿಸುವಾಗಿನ ಕಾಗದ) ಬರೆದ ಅವಧಿಗೆ ಜೋಡಿಸಿದೆ. ಆದ್ದರಿಂದ ಮಳೆಗಾಲದಲ್ಲಿ ಆ ಜಾಗದಲ್ಲಿ ದಿನಾಂಕ ಬರೆದುಕೊಡಬೇಡಿ.

---

ಎಡಗಡೆ ಹಿಡಿ:

ಎಲ್ಲಾ ಹೇಳಿದ್ರು, ಡ್ರೈವರ್ ಜೀವದ ಮಾತು ಯಾರೂ ಎತ್ತಲಿಲ್ಲ. ಮಾಲೀಕರೂ ಓದ್ತಿರೋದ್ರಿಂದ ಬರೀತಿದ್ದೀನಿ.

ಹೊಸದಾಗಿ ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಬೇಡಿ. ಸಾಲು ಅಲ್ಲೇ ನಿಂತ್ರೂ ನೀವು ಕಡಿದ ಜಾಗಕ್ಕಿಂತ ನೂರು ಮೀಟರ್ ಹಿಂದೆ ನಿಂತ್ಕೊಳ್ಳಿ, ಮುಂದೆ ಖಾಲಿ ಇದ್ರೆ ಇರಲಿ. ಸಣ್ಣ ಕಲ್ಲು ಉದುರೋಕೆ ಶುರುವಾದ್ರೆ, ಕಡಿದ ಮೈಯಿಂದ ಇದ್ದಕ್ಕಿದ್ದಂತೆ ಕೆಂಪು ನೀರು ಚಿಮ್ಮಿದ್ರೆ, ಮೇಲಿನ ಮರ ವಾಲಿದಂಗೆ ಕಂಡ್ರೆ ಗಾಡಿ ಉಳಿಸೋಕೆ ಹೋಗಬೇಡಿ. ಕ್ಯಾಬಿನ್ನಿಂದ ಇಳಿದು ರಸ್ತೆ ಉದ್ದಕ್ಕೆ, ಕುಸಿಯೋ ಮೈಯಿಂದ ಪಕ್ಕಕ್ಕೆ ಓಡಬೇಕು. ಕೆಳಗಿನ ಹೊಳೆ ಕಡೆ ಇಳಿದ್ರೆ ಮಣ್ಣು ಅದೇ ದಾರಿಯಲ್ಲಿ ಬರುತ್ತೆ. ಮಳೆ ನಿಂತ ಕೂಡ್ಲೇ ಅಪಾಯ ಮುಗೀತು ಅಂತಲ್ಲ, ಒಳಗಿನ ನೀರು ಇಳಿಯೋಕೆ ಹೊತ್ತು ಬೇಕು.

ಎರಡನೇದು ಕಾಂಕ್ರೀಟಿನ ಅಂಚು. ಹೊಸ ಪಥದ ಸ್ಲ್ಯಾಬ್ ದಪ್ಪನೇ ಸುಮಾರು ಒಂದಡಿ, ಅದರ ಕೆಳಗಿನ ಬಡ ಕಾಂಕ್ರೀಟ್ ಇನ್ನೊಂದು ಅರ್ಧ ಅಡಿ. ಬದಿಗೆ ಮಣ್ಣು ತುಂಬಿಲ್ಲ ಅಂದ್ರೆ ಆ ಅಂಚು ಮೊಣಕಾಲುದ್ದದ ಮೆಟ್ಟಿಲು. ರಾತ್ರಿ ಮಂಜಲ್ಲಿ ಎದುರಿಗೆ ಬಸ್ ಬಂತು ಅಂತ ಎಡಕ್ಕೆ ಎಳೆದ್ರೆ ಎಡಗಡೆ ಟೈರ್ ಇಳಿದು ಎತ್ತರದ ಲೋಡ್ ವಾಲಿಬಿಡುತ್ತೆ. ಇಳಿದ್ರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಿ ಹತ್ತಿಸೋ ಸಾಹಸ ಬೇಡ, ಹತ್ತೋ ಟೈರ್ ಅಂಚಿಗೆ ಒರಸಿ ಗಾಡಿ ಒಮ್ಮೆಲೇ ಅಡ್ಡ ಹಾರುತ್ತೆ ಇಲ್ಲಾ ಉರುಳುತ್ತೆ. ಅಲ್ಲೇ ನಿಲ್ಲಿಸಿ, ಕಲ್ಲು ತುಂಬಿಸಿ ಇಳುಕಲು ಮಾಡಿ, ಇಲ್ಲಾ ಕ್ರೇನ್ ಕರೆಸಿ. ಹೆದ್ದಾರಿ ಸಹಾಯವಾಣಿ 1033, ಪೊಲೀಸ್ 112.

ಸಾಲು ನಿಂತಾಗ ಬಲಕ್ಕೆ ತೆಗೆದು ಎರಡನೇ ಸಾಲು ಮಾಡೋನು ಒಬ್ಬ ಇದ್ರೆ ಸಾಕು, ಎದುರಿಂದ ಬರೋ ಕ್ರೇನಿಗೂ ಆಂಬುಲೆನ್ಸಿಗೂ ದಾರಿ ಇಲ್ಲ. ಒಂದು ಗಂಟೆ ಜಾಮ್ ಐದು ಗಂಟೆ ಆಗೋದು ಹೀಗೆ.

ಸಕಲೇಶಪುರ ಮತ್ತು ಗುಂಡ್ಯ ನಡುವೆ ನೆಟ್‌ವರ್ಕ್ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಎರಡೂ ತುದಿಯಲ್ಲಿ ಆಫೀಸಿಗೆ ಎಲ್ಲಿದ್ದೀನಿ, ಇ-ವೇ ಬಿಲ್ ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಮೆಸೇಜ್ ಹಾಕಿಬಿಡಿ. ಕ್ಯಾಬಿನ್ನಲ್ಲಿ ಒಬ್ಬೊಬ್ಬರಿಗೆ ಐದು ಲೀಟರ್ ಕುಡಿಯೋ ನೀರು, ರೇಡಿಯೇಟರಿಗೆ ಬೇರೆ ಕ್ಯಾನ್, ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಶುಗರ್, ಬಿಪಿ ಇದ್ದವರು ಎರಡು ದಿನದ ಮಾತ್ರೆ ಹೆಚ್ಚಿಗೆ. ಸ್ಟೌವ್ ಹಚ್ಚೋರು ಮುಂದೆ ಹಿಂದೆ ಯಾವ ಟ್ಯಾಂಕರ್ ಇದೆ ನೋಡಿ, 2013ರಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಏನಾಯ್ತು ಅಂತ ಈ ರೂಟಿನವರಿಗೆ ಹೇಳಬೇಕಾಗಿಲ್ಲ. ರಾತ್ರಿಯೆಲ್ಲ ನಾಲ್ಕೂ ಇಂಡಿಕೇಟರ್ ಹಾಕಿಟ್ರೆ ಬೆಳಗ್ಗೆ ಸೆಲ್ಫ್ ಹೊಡೆಯಲ್ಲ. ಸಾಲಿನ ಕೊನೇ ಗಾಡಿ ಆದ್ರೆ ಮಾತ್ರ ಹಾಕಿ, ಜೊತೆಗೆ ತ್ರಿಕೋನವನ್ನ ತಿರುವಿಗೂ ಹಿಂದೆ ಹೋಗಿ ಇಟ್ಟು ಬನ್ನಿ. ತಿರುವು ದಾಟಿದ ಮೇಲೆ ಇಟ್ರೆ ಬರೋನಿಗೆ ಕಾಣೋ ಹೊತ್ತಿಗೆ ಗಾಡಿಯೂ ಕಾಣುತ್ತೆ.

ಮಾಲೀಕರಿಗೆ ಒಂದು ಮಾತು. ಎಂಟು ಗಂಟೆ ಜಾಮಲ್ಲಿ ಕೂತವನು ಮಲಗಿಲ್ಲ. ಜಾಮ್ ಬಿಟ್ಟ ಮೇಲೆ ಟೈಮ್ ಕವರ್ ಮಾಡು ಅಂತ ಫೋನ್ ಮಾಡಬೇಡಿ. ಶಾಂತಿಗ್ರಾಮ ಟೋಲ್ ದಾಟಿದ ಮೇಲಿನ ನೇರ ರಸ್ತೆಯಲ್ಲಿ ನಿದ್ದೆ ಬರುತ್ತೆ, ಘಾಟಿಯಲ್ಲಲ್ಲ.

---

ಕರಾವಳಿ ಲೋಡ್:

ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯ ರೋ-ರೋ ಇದೆಯಲ್ಲ, ಲಾರಿನ ಹಾಗೇ ರೈಲಿಗೆ ಹತ್ತಿಸಿದ್ರೆ ಈ ಘಾಟಿ ಕಾಟನೇ ಇರಲ್ಲ ಅಲ್ವಾ?

ಗುಂಡ್ಯ ಗೇಟ್:

ಅದು ಕರಾವಳಿ ಉದ್ದಕ್ಕೆ ಕೋಲಾಡ್ ಕಡೆ ಹೋಗೋದು. ಮುಂಬೈ, ಗುಜರಾತ್ ಲೋಡ್ ಇದ್ದರೆ ಒಳ್ಳೇದು, ಡೀಸೆಲ್ಲೂ ಟೈರೂ ಉಳಿಯುತ್ತೆ. ಹತ್ತಿಸೋ ಮೊದಲು ಎತ್ತರ ಅಳೀತಾರೆ, ಮೇಲೆ ವಿದ್ಯುತ್ ತಂತಿ ಇರೋದರಿಂದ ಟಾರ್ಪಾಲ್ ಮೇಲೆ ಉಬ್ಬಿದ ಲೋಡ್ ತಗೊಳ್ಳಲ್ಲ. ಸುಬ್ರಹ್ಮಣ್ಯ–ಸಕಲೇಶಪುರ ಲೈನ್ ಬೇರೆ, ಅಲ್ಲಿ 50 ಮೀಟರಿಗೆ 1 ಮೀಟರ್ ಏರು, ಒಂದು ಗೂಡ್ಸ್ ಹತ್ತಿಸೋಕೇ ಹಿಂದೆ ಮುಂದೆ ಎಂಜಿನ್ ಹಾಕ್ತಾರೆ. ಅಲ್ಲಿ ರೋ-ರೋ ಇಲ್ಲ. ದಾಬಸ್‌ಪೇಟೆಯ ಗೊಬ್ಬರ ಘಾಟಿ ಹತ್ತಿಯೇ ಹೋಗಬೇಕು.